ಉರುಳುವ ಮಂದ್ರ

ಸಂಗೀತದಲ್ಲಿ ಚಲನೆಯೆಂದರೆ ಸ್ವರದಿಂದ ಸ್ವರಕ್ಕೆ ಹೋಗುವುದು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಷಡ್ಜದಿಂದ ಹೊರಟ ಗಾಯಕನು ಪಂಚಮವನ್ನು ಮುಟ್ಟಿ, ತಾರಸ್ಥಾಯಿಗೆ ಏರಿ, ಮತ್ತೆ ಇಳಿದು ಬಂದಾಗ ಒಂದು ಪ್ರಯಾಣ ಮುಗಿಯಿತೆಂಬ ತೃಪ್ತಿ ನಮಗುಂಟಾಗುತ್ತದೆ. ಹೀಗಿರುವಲ್ಲಿ, ತಳದಲ್ಲಿ ಒಂದೇ ಒಂದು ಸ್ವರವನ್ನು ಹಿಡಿದು ಏಳೆಂಟು ನಿಮಿಷಗಳ ಕಾಲ ಬಿಡದೆ ನುಡಿಸುವ ಸಂಗೀತವೊಂದು ಉಂಟು, ಅದಕ್ಕೆ ಜನ ರಾತ್ರಿಯೆಲ್ಲ ಕುಣಿಯುತ್ತಾರೆ ಎಂದರೆ ಕೆಲವು ಓದುಗರಿಗೆ ಆಶ್ಚರ್ಯವಾದೀತು. ಅದಕ್ಕಿಂತಲೂ ಆಶ್ಚರ್ಯದ ಸಂಗತಿಯೆಂದರೆ, ಆ ಒಂದು ಸ್ವರ ಕೇಳುವವನಿಗೆ ನಿಂತಂತೆ ತೋರುವುದೇ ಇಲ್ಲ. ಇಳಿಜಾರಿನಲ್ಲಿ ಬಿಟ್ಟ ಬಂಡಿಯ ಗಾಲಿಯಂತೆ ಅದು ಉರುಳುತ್ತಲೇ ಇರುತ್ತದೆ.

ಈ ಸಂಗೀತದ ಹೆಸರು ಟೆಕ್ನೋ. ಅದರ ತಳದಲ್ಲಿ ಹರಿಯುವ ತಗ್ಗು ಸ್ವರಗಳ ಸಾಲಿಗೆ ಬೇಸ್‌ಲೈನ್ ಎಂದು ಹೆಸರು. ನಾವು ಅದನ್ನು ಮಂದ್ರಧಾರೆ ಎನ್ನೋಣ. ಉರುಳುವ ಮಂದ್ರಧಾರೆಯನ್ನು ಕಂಪ್ಯೂಟರಿನಲ್ಲಿ ಕಟ್ಟುವ ಬಗೆ ಹೇಗೆಂದು ನಮ್ಮ ತರಗತಿಯ ಮೂವರು ವಿದ್ಯಾರ್ಥಿಗಳು ಕೇಳಿದಾಗ, ಇದು ಸಂಗೀತಗಾರರಿಗೆ ಹಾಕಬೇಕಾದ ಪ್ರಶ್ನೆಯೆಂದು ಹೇಳಿ ನಾವು ಜಾರಿಕೊಂಡೆವು. ಮನೆಗೆ ಹೋಗಿ ಕಾಗದದ ಮೇಲೆ ನಾಲ್ಕು ಸಾಲು ಲೆಕ್ಕ ಮಾಡಿದಮೇಲೆ ಆ ಉತ್ತರ ಸರಿಯಲ್ಲವೆಂದು ತಿಳಿಯಿತು. ಒಂದೇ ಸ್ವರ ಹೇಗೆ ಚಲಿಸೀತು ಎಂಬುದು ಶಬ್ದವಿಜ್ಞಾನದ ಪ್ರಶ್ನೆಯೇ ಆಗಿದೆ.

ಲೆಕ್ಕಕ್ಕೆ ಮೊದಲು ಎರಡು ಮಾತು ಚರಿತ್ರೆ. ಟೆಕ್ನೋ ಹುಟ್ಟಿದುದು 1980ರ ದಶಕದಲ್ಲಿ, ಅಮೆರಿಕದ ಮೋಟಾರು ಕಾರ್ಖಾನೆಗಳ ನಗರವಾದ ಡೆಟ್ರಾಯಿಟಿನಲ್ಲಿ. ಸಮೀಪದ ಬೆಲ್‌ವಿಲ್ ಎಂಬ ಊರಿನ ಹೈಸ್ಕೂಲಿನಲ್ಲಿ ಓದಿದ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ತರುಣರು ಅದರ ಮೂಲಪುರುಷರೆನಿಸಿದ್ದಾರೆ. ಬರ್ಲಿನ್ನಿನ ಗೋಡೆ 1989ರಲ್ಲಿ ಬಿದ್ದಮೇಲೆ ಆ ನಗರವು ಟೆಕ್ನೋವಿಗೆ ಎರಡನೆಯ ತವರಾಯಿತು. ಅಲ್ಲಿ 1991ರಲ್ಲಿ ತೆರೆದ ಟ್ರೆಸೋರ್ ಎಂಬ ನೃತ್ಯಶಾಲೆ ಒಂದು ಹಳೆಯ ಮಳಿಗೆಯ ನೆಲಮಾಳಿಗೆಯ ಖಜಾನೆಯಲ್ಲಿತ್ತು. ಟ್ರೆಸೋರ್ ಎಂದರೆ ಜರ್ಮನ್ ಭಾಷೆಯಲ್ಲಿ ತಿಜೋರಿ ಎಂದೇ ಅರ್ಥ.

ಮಂದ್ರವನ್ನು ನುಡಿಸಿದ ಯಂತ್ರಗಳಲ್ಲಿ ಒಂದರ ಕಥೆ ವಿಚಿತ್ರವಾದುದು. ಜಪಾನಿನ ರೋಲೆಂಡ್ ಸಂಸ್ಥೆ 1981ರಲ್ಲಿ ಟಿಬಿ-303 ಎಂಬ ಸಣ್ಣ ಬೆಳ್ಳಿಬಣ್ಣದ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಒಂಟಿ ಗಿಟಾರ್ ವಾದಕನಿಗೆ ಬೇಸ್ ನುಡಿಸುವ ಜೊತೆಗಾರನ ಬದಲಿಗೆ ಇದು ಆಗಲಿ ಎಂಬುದು ಉದ್ದೇಶ. ಹದಿನಾರು ಮೆಟ್ಟಿಲುಗಳಲ್ಲಿ ಸ್ವರಗಳನ್ನು ಹೊಂದಿಸಿಟ್ಟರೆ ಅದು ತಾನೇ ಸುತ್ತಿ ಸುತ್ತಿ ನುಡಿಸುತ್ತಿತ್ತು. ನಿಜವಾದ ಬೇಸ್ ಗಿಟಾರಿನಂತೆ ಅದು ಕೇಳಿಸಲೇ ಇಲ್ಲ. ಮೂರು ವರ್ಷಗಳಲ್ಲಿ ತಯಾರಿಕೆ ನಿಂತಿತು, ಪೆಟ್ಟಿಗೆಗಳು ಹಳೆಯ ಸಾಮಾನಿನ ಅಂಗಡಿ ಸೇರಿದುವು. ಕೈಯಲ್ಲಿ ಹೆಚ್ಚು ಹಣವಿಲ್ಲದ ಷಿಕಾಗೋ ಮತ್ತು ಡೆಟ್ರಾಯಿಟಿನ ಹುಡುಗರು ಅವನ್ನು ಕೊಂಡು, ಗಿಟಾರಿನ ಚಿಂತೆ ಬಿಟ್ಟು, ಗುಂಡಿಗಳನ್ನು ತಿರುಗಿಸಿ ಹೊಸ ನಾದವನ್ನು ತೆಗೆದರು. ಪ್ರಾಸಂಗಿಕವಾಗಿ ಹೇಳುವುದಾದರೆ, ಮುಂಬಯಿಯ ಚಲನಚಿತ್ರ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವರು 1982ರಷ್ಟು ಮೊದಲೇ ಇದೇ ಪೆಟ್ಟಿಗೆಯನ್ನು ಬಳಸಿ ಹತ್ತು ರಾಗಗಳನ್ನು ಧ್ವನಿಮುದ್ರಿಸಿದ್ದರು. ಆಗ ಅದನ್ನು ಗಮನಿಸಿದವರು ಬಹು ಕಡಮೆ.

ಈಗ ಲೆಕ್ಕಕ್ಕೆ ಬರೋಣ. ಟೆಕ್ನೋ ನಿಮಿಷಕ್ಕೆ ಸಾಮಾನ್ಯವಾಗಿ 120ರಿಂದ 140 ಬಡಿತಗಳ ವೇಗದಲ್ಲಿ ನಡೆಯುತ್ತದೆ. ಅನುಕೂಲಕ್ಕಾಗಿ 125 ಎಂದಿಟ್ಟುಕೊಳ್ಳೋಣ. ಒಂದು ಬಡಿತಕ್ಕೆ 480 ಮಿಲಿಸೆಕೆಂಡ್. ಅದನ್ನು ನಾಲ್ಕು ಪಾಲು ಮಾಡಿದರೆ ಪಾಲಿಗೆ 120 ಮಿಲಿಸೆಕೆಂಡ್. ನಮ್ಮ ಲಯದ ಭಾಷೆಯಲ್ಲಿ ಇದು ಚತುರಶ್ರ ನಡೆ, ಎಂದರೆ ತ-ಕ-ದಿ-ಮಿ. ಪ್ರತಿಯೊಂದು "ತ"ದ ಮೇಲೂ ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮಿನ ಪೆಟ್ಟು, ಅದಕ್ಕೆ ಕಿಕ್ ಎನ್ನುತ್ತಾರೆ. ಉಳಿದ "ಕ-ದಿ-ಮಿ" ಮೂರೂ ಮಂದ್ರಧಾರೆಯವು. ಉರುಳುವ ಮಂದ್ರದ ಅತ್ಯಂತ ಸರಳವಾದ ರೂಪ ಇಷ್ಟೇ. ಪೆಟ್ಟು ಬಿದ್ದ ಸ್ಥಳದಲ್ಲಿ ಮಂದ್ರ ಮೌನ, ಪೆಟ್ಟು ಬಿಟ್ಟ ಸ್ಥಳದಲ್ಲೆಲ್ಲ ಮಂದ್ರ.

ಒಟ್ಟು ಸೆಕೆಂಡಿಗೆ ಎಂಟಕ್ಕಿಂತ ತುಸು ಹೆಚ್ಚು ಧ್ವನಿಗಳಾದುವು. ಈ ಸಂಖ್ಯೆ ಸ್ವಾರಸ್ಯವಾದುದು. ಬಡಿತಗಳು ಸೆಕೆಂಡಿಗೆ ಸುಮಾರು ಇಪ್ಪತ್ತನ್ನು ಮೀರಿದರೆ ಕಿವಿಯಲ್ಲಿ ಬೆಸೆದು ತಾವೇ ಒಂದು ತಗ್ಗಿನ ಸ್ವರವಾಗತೊಡಗುತ್ತವೆ. ಎರಡು ಮೂರು ಮಾತ್ರವಿದ್ದರೆ ಒಂದೊಂದನ್ನೂ ಎಣಿಸಬಹುದು. ಎಂಟು ಎಂಬುದು ನಡುವೆ ಇದೆ. ಬಿಡಿಬಿಡಿಯಾಗಿ ಕೇಳಿಸುತ್ತದೆ, ಆದರೆ ಎಣಿಸುವ ವ್ಯವಧಾನವಿಲ್ಲ. ಗಾಲಿಯ ಅರೆಗಳು ಒಂದೊಂದಾಗಿ ಕಾಣದೆ, ಗಾಲಿ ಮಾತ್ರ ತಿರುಗುತ್ತಿರುವಂತೆ ಕಾಣುವ ಸ್ಥಿತಿ ಇದು.

ಇನ್ನು ಸ್ವರದ ವಿಚಾರ. ಮಂದ್ರವನ್ನು ಸೆಕೆಂಡಿಗೆ 50 ಕಂಪನ, ಎಂದರೆ 50 ಹರ್ಟ್ಸ್ ಎಂದು ಆರಿಸೋಣ. ನಮ್ಮ ಮನೆಗಳಿಗೆ ಬರುವ ಪರ್ಯಾಯ ವಿದ್ಯುತ್ತಿನ ಕಂಪನಾಂಕವೂ ಇದೇ. ಒಂದು ಕಂಪನಕ್ಕೆ 20 ಮಿಲಿಸೆಕೆಂಡ್ ಬೇಕು. ಹಾಗಾದರೆ 120 ಮಿಲಿಸೆಕೆಂಡಿನ "ಕ"ದಲ್ಲಿ ಹಿಡಿಸುವುದು ಕೇವಲ ಆರು ಕಂಪನ! ಸ್ವರಗಳು ಒಂದಕ್ಕೊಂದು ಅಂಟದಿರಲೆಂದು ಅರ್ಧದಷ್ಟನ್ನು ಮೌನಕ್ಕೆ ಬಿಟ್ಟರೆ ಮೂರೇ ಕಂಪನ. ಅದೇ ವೇಳೆಯಲ್ಲಿ ಕೊಳಲಿನ 1000 ಕಂಪನದ ಸ್ವರವೊಂದು ಅರವತ್ತು ಸಲ ಕಂಪಿಸಿರುತ್ತದೆ.

ಮೂರು ಕಂಪನಗಳಿಂದ ಸ್ವರವನ್ನು ಗುರುತಿಸಬಹುದೆ? ಹೈಸೆನ್‌ಬರ್ಗನ ಅನಿಶ್ಚಯತಾ ನಿಯಮವನ್ನು ಓದಿದ ಕಾಲೇಜು ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಹಳೆಯ ಪರಿಚಯದ ಮುಖ ಕಾಣಿಸೀತು. ಮುಂದೆ ಹೊಲೋಗ್ರಾಫಿಗಾಗಿ ನೊಬೆಲ್ ಪಾರಿತೋಷಕ ಪಡೆದ ಡೆನಿಸ್ ಗೇಬರ್ 1946ರಲ್ಲಿ ಅಂಥದೇ ನಿಯಮ ಶಬ್ದಸಂಕೇತಗಳಿಗೂ ಇದೆಯೆಂದು ವಿವರಿಸಿದನು. ಧ್ವನಿಯೊಂದು ಬಾಳುವ ಕಾಲ ಕಿರಿದಾದಷ್ಟೂ ಅದರ ಕಂಪನಾಂಕ ಅಗಲವಾಗಿ ಹರಡಿಕೊಳ್ಳುತ್ತದೆ. ಹರಹು ಸ್ಥೂಲವಾಗಿ ಕಾಲದ ವಿಲೋಮದಷ್ಟು. 60 ಮಿಲಿಸೆಕೆಂಡಿನ ಧ್ವನಿಗೆ ಈ ಹರಹು ಸುಮಾರು 17 ಕಂಪನ. ಆದರೆ 50ರ ಬಳಿಯಲ್ಲಿ ಒಂದು ಸ್ವರಕ್ಕೂ ಅದರ ನೆರೆಯ ಅರ್ಧಸ್ವರಕ್ಕೂ ಇರುವ ಅಂತರ ಮೂರೇ ಕಂಪನ. ಅಳತೆಯ ಮಸುಕು ಅಳೆಯಬೇಕಾದ ವಸ್ತುವಿಗಿಂತ ಐದಾರು ಪಟ್ಟು ದೊಡ್ಡದು! ಕಿವಿ ಕೆಲವು ಸಂದರ್ಭಗಳಲ್ಲಿ ಗೇಬರನ ಮಿತಿಯನ್ನು ಮೀರಬಲ್ಲುದೆಂದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ, ನಿಜ. ಆದರೂ ಮಂದ್ರದ ಆಳದಲ್ಲಿ ಓಟದ ಸ್ವರಗಳನ್ನು ಹೆಣೆಯಲು ಹೊರಟವನಿಗೆ ದೊರೆಯುವುದು ರಾಗವಲ್ಲ, ಗೊಣಗಾಟ. ಟೆಕ್ನೋಕಾರರು ಒಂದೇ ಸ್ವರಕ್ಕೆ ಅಂಟಿಕೊಂಡುದು ಬಡತನದಿಂದಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಅವರು ಈ ಲೆಕ್ಕವನ್ನು ಮಾಡಿರಲಾರರು. ಕಿವಿಯಿಂದಲೇ ಅಲ್ಲಿಗೆ ಬಂದು ಮುಟ್ಟಿದರು.

ಹಾಗಾದರೆ ಚಲನೆ ಎಲ್ಲಿಂದ ಬರಬೇಕು? ಉಪಸ್ವರಗಳಿಂದ. ಯಾವ ಆವರ್ತತರಂಗವನ್ನಾದರೂ ಮೂಲ ಕಂಪನಾಂಕದ ಗುಣಕಗಳಾದ ಸರಳ ತರಂಗಗಳ ಮೊತ್ತವಾಗಿ ಬರೆಯಬಹುದೆಂದು ಫೂರ್ಯೇ ತೋರಿಸಿಕೊಟ್ಟನಷ್ಟೆ. ಗರಗಸದ ಹಲ್ಲಿನ ಆಕಾರದ ತರಂಗವನ್ನು ತೆಗೆದುಕೊಂಡರೆ ಅದರಲ್ಲಿ 50ರ ಜೊತೆಗೆ 100, 150, 200 ಎಂದು ಉಪಸ್ವರಗಳೆಲ್ಲ ಇರುತ್ತವೆ. ಅವುಗಳ ಕಂಪನವಿಸ್ತಾರ ಕ್ರಮವಾಗಿ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಎಂದು ಇಳಿಯುತ್ತ ಹೋಗುತ್ತದೆ. ಈ ತರಂಗವನ್ನು ಫಿಲ್ಟರ್ ಎಂಬ ಶೋಧಕದ ಮೂಲಕ ಹಾಯಿಸುತ್ತಾರೆ. ಒಂದು ನಿಯತ ಕಂಪನಾಂಕಕ್ಕಿಂತ ಕೆಳಗಿನದನ್ನು ಅದು ಬಿಟ್ಟುಕೊಡುತ್ತದೆ, ಮೇಲಿನದನ್ನು ತಡೆಯುತ್ತದೆ. ಅಮೆರಿಕದ ರಾಬರ್ಟ್ ಮೂಗ್ 1960ರ ದಶಕದಲ್ಲಿ ರಚಿಸಿದ, ಏಣಿಯಾಕಾರದ ವಿದ್ಯುನ್ಮಂಡಲವುಳ್ಳ ಶೋಧಕ ಪ್ರಸಿದ್ಧವಾದುದು. ಅದರ ಗಡಿಯಿಂದ ಮೇಲೆ ಹೋದಂತೆ, ಒಂದೊಂದು ಸ್ಥಾಯಿಗೂ ಕಂಪನವಿಸ್ತಾರ ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ.

ಗಡಿಯನ್ನು 150ರಲ್ಲಿಟ್ಟರೆ ಮೊದಲ ಎರಡು ಮೂರು ಉಪಸ್ವರಗಳು ಮಾತ್ರ ಉಳಿದು, ಕಂಬಳಿ ಹೊದಿಸಿದಂತಹ ದುಂಡನೆಯ ನಾದ ಬರುತ್ತದೆ. 600ಕ್ಕೆ ಏರಿಸಿದರೆ ಅದೇ ಸ್ವರ ಬಾಯಿ ತೆರೆದಂತಾಗುತ್ತದೆ. ನಾವು "ಊ" ಎಂದು ಎಳೆಯುತ್ತ ಮೆಲ್ಲನೆ "ಆ" ಎಂದು ಬಾಯಿ ತೆರೆದಾಗ ಆಗುವುದೂ ಇದನ್ನು ಹೋಲುವ ಕ್ರಿಯೆಯೇ. ಕಂಠದ ಸ್ವರ ಬದಲಾಗಲಿಲ್ಲ, ಬಾಯಿಯ ಅನುರಣನ ಬದಲಾಯಿತು. ಆದ್ದರಿಂದ ನಮ್ಮ ವಿದ್ಯಾರ್ಥಿಗಳು "ಕ"ಕ್ಕೆ ಗಡಿಯನ್ನು 150ರಲ್ಲಿಟ್ಟರು, "ದಿ"ಗೆ 400ಕ್ಕೆ ತೆರೆದು 80 ಮಿಲಿಸೆಕೆಂಡಿನಲ್ಲಿ ಮತ್ತೆ ಮುಚ್ಚಿದರು, "ಮಿ"ಗೆ 200 ಎಂದಿಟ್ಟರು. ಬರಿದೆ ಗಡಗಡಿಸುತ್ತಿದ್ದ ಸಾಲು ಒಡನೆಯೇ ಮುಂದಕ್ಕೆ ವಾಲಿತು. ಬಳಿಕ ಅವರಲ್ಲೊಬ್ಬ, ಮೃದಂಗ ಕಲಿತವನು, ಇನ್ನೊಂದು ಉಪಾಯ ಮಾಡಿದ. ಗಡಿ ತೆರೆಯುವ ಒತ್ತನ್ನು ನಾಲ್ಕಕ್ಕೊಮ್ಮೆ ಬರುವಂತೆ ಇಡದೆ ಮೂರು ಪಾಲಿಗೊಮ್ಮೆ ಬರುವಂತೆ ಇಟ್ಟ. ಮೂರೂ ನಾಲ್ಕೂ ಕೂಡುವುದು ಹನ್ನೆರಡು ಪಾಲಿಗೊಮ್ಮೆ, ಎಂದರೆ ಮೂರು ಬಡಿತಗಳಿಗೊಮ್ಮೆ. ಆವರೆಗೆ ಒತ್ತು ಪ್ರತಿ ಬಡಿತದಲ್ಲೂ ಬೇರೆ ಬೇರೆ ಸ್ಥಾನದಲ್ಲಿ ಬೀಳುತ್ತದೆ. ತಿಶ್ರವನ್ನು ಚತುರಶ್ರದ ಮೇಲೆ ಹಾಸುವ ಈ ಜಾಣತನ ಅವನಿಗೆ ಯಾರೂ ಹೇಳಿಕೊಡಬೇಕಾದುದಾಗಿರಲಿಲ್ಲ.

ಕಂಪನಗಳು ಇಷ್ಟು ಕಡಮೆ ಎಂಬುದರಿಂದ ಇನ್ನೂ ಒಂದು ಪರಿಣಾಮವುಂಟು. 50 ಕಂಪನಕ್ಕೆ ಪಾಲಿಗೆ ಸರಿಯಾಗಿ ಆರು ಕಂಪನ ಹಿಡಿಸುವುದರಿಂದ ಪ್ರತಿ ಸ್ವರವೂ ತರಂಗದ ಒಂದೇ ಘಟ್ಟದಲ್ಲಿ ಆರಂಭವಾಗುತ್ತದೆ. 55 ಕಂಪನವಾದರೆ 6.6 ಆಗುತ್ತದೆ, ಆಂದೋಲಕವನ್ನು ಬಿಡದೆ ಓಡಿಸುತ್ತಿದ್ದರೆ ಒಂದು ಸ್ವರ ಶೂನ್ಯದಿಂದ ಏರುತ್ತ, ಮತ್ತೊಂದು ನಡುವಿನಿಂದ ಇಳಿಯುತ್ತ ಆರಂಭವಾಗಿ, ಒಂದು ಗಟ್ಟಿ ಒಂದು ಸಪ್ಪೆ ಎನಿಸುತ್ತವೆ. ಪ್ರತಿ ಸ್ವರಕ್ಕೂ ತರಂಗವನ್ನು ಮೊದಲಿನಿಂದ ಹೊರಡಿಸುವ ಏರ್ಪಾಡು ಬಹುಮಟ್ಟಿನ ಸಿಂಥಸೈಸರುಗಳಲ್ಲಿದೆ, ಅದನ್ನು ಬಳಸಬೇಕು. ಕೊನೆಯಲ್ಲಿ ಧ್ವನಿಯನ್ನು ಫಕ್ಕನೆ ಕಡಿಯದೆ ಹತ್ತು ಮಿಲಿಸೆಕೆಂಡಿನಲ್ಲಿ ಇಳಿಸಿದರೆ "ಟಿಕ್" ಎಂಬ ಅಪಶಬ್ದವೂ ತಪ್ಪುತ್ತದೆ.

ಇನ್ನು ಕಿಕ್ಕಿಗೂ ಮಂದ್ರಕ್ಕೂ ಇರುವ ದಾಯಾದಿ ಕಲಹ. ಕಿಕ್ಕಿನ ಧ್ವನಿ ನೂರಾರು ಕಂಪನಗಳಿಂದ ಹೊರಟು ಕ್ಷಣಾರ್ಧದಲ್ಲಿ 50ರ ಸುತ್ತಮುತ್ತಕ್ಕೆ ಜಾರಿ ಅಲ್ಲಿಯೇ ಕ್ಷಯಿಸುತ್ತದೆ. ಅದರ ಬಾಲ "ತ"ದಲ್ಲಿ ಮುಗಿಯದೆ "ಕ"ದೊಳಕ್ಕೂ ಚಾಚುತ್ತದೆ. ಇಬ್ಬರೂ ಒಂದೇ ಕಂಪನಾಂಕದವರಾದ್ದರಿಂದ ಇಲ್ಲಿ ವ್ಯತಿಕರಣ ತಪ್ಪದು. ಪ್ರಾವಸ್ಥೆ ಒಂದೇ ಆದರೆ ಕಂಪನವಿಸ್ತಾರ ಇಮ್ಮಡಿಸಿ, ಕಂಪ್ಯೂಟರಿನ ಅಂಕಿಗಳ ಮೇರೆಯನ್ನು ಮೀರಿ ತರಂಗದ ತಲೆ ಚಪ್ಪಟೆಯಾಗುತ್ತದೆ. ವಿರುದ್ಧವಾದರೆ ಒಂದನ್ನೊಂದು ನುಂಗಿ ಎರಡೂ ಕಾಣೆಯಾಗುತ್ತವೆ. ಬಲವನ್ನು ಹೆಚ್ಚಿಸುವುದರಿಂದ ಎರಡನೆಯ ರೋಗ ವಾಸಿಯಾಗದು.

ಇದಕ್ಕೆ ಬಳಕೆಯಲ್ಲಿರುವ ಮದ್ದು ಸೈಡ್‌ಚೈನ್ ಕಂಪ್ರೆಸರ್. ಕಿಕ್ ಬಂದೊಡನೆ ಅದು ಮಂದ್ರದ ಬಲವನ್ನು ತಾನಾಗಿ ತಗ್ಗಿಸಿ, ಕಿಕ್ ಹೋದಂತೆ ಮೆಲ್ಲನೆ ಮೇಲೆತ್ತುತ್ತದೆ. ಮರಳುವ ಕಾಲವನ್ನು 200 ಅಥವಾ 300 ಮಿಲಿಸೆಕೆಂಡ್ ಎಂದಿಟ್ಟರೆ "ಕ" ಮೆತ್ತಗೆ, "ದಿ" ಗಟ್ಟಿಯಾಗಿ, "ಮಿ" ಇನ್ನೂ ಗಟ್ಟಿಯಾಗಿ ಉಬ್ಬುತ್ತ ಬಂದು, ಮುಂದಿನ ಕಿಕ್ಕಿನ ಮೇಲೆ ಅಲೆ ಮುರಿಯುತ್ತದೆ. ಕಲಹವನ್ನು ತೀರಿಸಲು ತಂದ ಉಪಾಯವೇ ಉರುಳಾಟಕ್ಕೆ ಒಂದು ಕಾರಣವಾದುದು ನಮ್ಮ ಮಟ್ಟಿಗೆ ಇಡೀ ವಿಷಯದ ಅತ್ಯಂತ ಸೊಗಸಾದ ಭಾಗ. ಮರಳುವ ಕಾಲ 20 ಮಿಲಿಸೆಕೆಂಡಿಗಿಂತ ಕಿರಿದಾಗಬಾರದು. ಹಾಗಾದರೆ ಅದು ಸ್ವರದ ಏರಿಳಿತವನ್ನು ಬಿಟ್ಟು ಒಂದೊಂದು ಕಂಪನವನ್ನೇ ಬೆನ್ನಟ್ಟಿ ತರಂಗವನ್ನು ವಿರೂಪಗೊಳಿಸುತ್ತದೆ.

ಬೇರೆ ಸ್ವರವೇ ಬೇಡವೆನ್ನುವವರೂ ಇದ್ದಾರೆ. ಅವರು ಕಿಕ್ಕಿನ ಧ್ವನಿಯನ್ನೇ ಕೃತಕ ಪ್ರತಿಧ್ವನಿಯ ಯಂತ್ರಕ್ಕೆ ಕಳುಹಿಸಿ, ಬಂದ ಮೊರೆತದಲ್ಲಿ ನೂರು ನೂರೈವತ್ತು ಕಂಪನಕ್ಕಿಂತ ಮೇಲಿನದನ್ನೆಲ್ಲ ಸೋಸಿ ತೆಗೆದು, ಆ ಮೊರೆತವನ್ನು ಕಿಕ್ಕಿನಿಂದಲೇ ಅದುಮಿಸುತ್ತಾರೆ. ಗುಹೆಯೊಳಗಿನ ಗುಡುಗಿನಂತಹ ಈ ಮಂದ್ರವನ್ನು ರಂಬಲ್ ಎನ್ನುತ್ತಾರೆ.

ಇಷ್ಟನ್ನೆಲ್ಲ ಸರಿಯಾಗಿ ಮಾಡಿದ ನಮ್ಮ ಮಿತ್ರರು ಒಂದು ಕಡೆ ಎಡವಿದರು. ಅವರೊಡನೆ ನಾವೂ ಎಡವಿದೆವು. ಅವರು ಕೆಲಸ ಮಾಡುತ್ತಿದ್ದ ಕೊಠಡಿ 11 ಅಡಿ 3 ಅಂಗುಲ ಉದ್ದದ್ದು. ಮೇಜನ್ನು ನಟ್ಟನಡುವೆ ಇಟ್ಟುಕೊಂಡಿದ್ದರು. ಕಿಕ್ಕಿನ ಮೊದಲ ಪೆಟ್ಟು ಕೇಳಿಸುತ್ತಿತ್ತು, ಉಪಸ್ವರಗಳು ಕೇಳಿಸುತ್ತಿದ್ದುವು, ಆದರೆ ಮಂದ್ರದ ತಳ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಕೇಳಿಸಲಿಲ್ಲವೆಂದು ಏರಿಸಿದರು, ಮತ್ತೆ ಏರಿಸಿದರು. ಕರೆಸಿಕೊಂಡು ಹೋದ ನಾವೂ ನಡುವೆಯೇ ಕುಳಿತು ಕೇಳಿ, ಇನ್ನೂ ಸ್ವಲ್ಪ ಬೇಕು ಎಂದೆವು! ಒಟ್ಟಿನಲ್ಲಿ ಕಂಪನವಿಸ್ತಾರ ನಾಲ್ಮಡಿಯಾಯಿತು; ಶಕ್ತಿಯ ಲೆಕ್ಕದಲ್ಲಿ ಇದು ಹದಿನಾರು ಪಟ್ಟು. ಆ ಸಂಜೆ ಅದನ್ನು ಕಾಲೇಜಿನ ಸಭಾಂಗಣದಲ್ಲಿ ಹಾಕಿದಾಗ ಕಿಟಕಿಯ ಗಾಜುಗಳು ಗಡಗಡಿಸಿದುವು, ಧ್ವನಿವರ್ಧಕ ಕೆಮ್ಮತೊಡಗಿತು. ಸ್ಪೀಕರಿನ ಪಕ್ಕದಲ್ಲೇ ನಿಂತಿದ್ದ ಹುಡುಗನೊಬ್ಬ, ಮರುದಿನ ಬೆಳಗ್ಗೆಯೂ ಕಿವಿಯೊಳಗೆ ಗುಂಯ್ ಎನ್ನುತ್ತಿದೆ ಎಂದ.

ಕಾರಣ ನಾವೇ ಎಷ್ಟೋ ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದುದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್; ಆದ್ದರಿಂದ 50 ಕಂಪನದ ಅಲೆಯುದ್ದ 6.86 ಮೀಟರ್, ಅದರ ಅರ್ಧ 3.43 ಮೀಟರ್. 11 ಅಡಿ 3 ಅಂಗುಲವೆಂದರೆ ಇಷ್ಟೇ! ಅರ್ಧ ಅಲೆ ಎರಡು ಗೋಡೆಗಳ ನಡುವೆ ಸರಿಯಾಗಿ ಕೂತು ಸ್ಥಿರತರಂಗವಾಯಿತು. ಒತ್ತಡದ ಏರಿಳಿತ ಗೋಡೆಗಳ ಬಳಿ ಅತ್ಯಧಿಕ, ನಟ್ಟನಡುವಿನ ನಿಸ್ಪಂದದಲ್ಲಿ ಅತ್ಯಲ್ಪ. ಮೂವರು ವಿದ್ಯಾರ್ಥಿಗಳೂ ಅವರ ಅಧ್ಯಾಪಕರೂ ಹುಡುಕಿಕೊಂಡು ಹೋದಂತೆ ಆ ನಿಸ್ಪಂದದಲ್ಲೇ ಕುಳಿತಿದ್ದೆವು. ಮೂಲೆಗೆ ಸರಿದರೂ ತೊಂದರೆ ತಪ್ಪುವುದಿಲ್ಲ. ಅಲ್ಲಿ ಅನುರಣನದ ಬಾಲ "ಕ-ದಿ-ಮಿ"ಗಳ ನಡುವಿನ ಮೌನವನ್ನೆಲ್ಲ ತುಂಬಿ, ಉರುಳುವುದು ಕೆಸರಾಗುತ್ತದೆ. ಉದ್ದದ ಮೂರನೆಯ ಒಂದು ಪಾಲಿನ ಬಳಿ ಕುಳಿತು, ಹೆಡ್‌ಫೋನಿನಲ್ಲಿಯೂ ಕೇಳಿ ಹೋಲಿಸುವುದು ಮೇಲು.

ಕಿವಿಯ ಸ್ವಭಾವವೂ ಈ ಮೋಸಕ್ಕೆ ಸಹಾಯಮಾಡುತ್ತದೆ. 50 ಕಂಪನದ ಧ್ವನಿ ಕೇಳಿಸಲು ಆರಂಭವಾಗಬೇಕಾದರೆ, 1000 ಕಂಪನದ ಧ್ವನಿಗಿಂತ ಅದರ ಒತ್ತಡ ಸುಮಾರು ನೂರು ಪಟ್ಟು ಹೆಚ್ಚಿರಬೇಕು. ಧ್ವನಿ ಏರಿದಂತೆ ಈ ಅಂತರ ಕಿರಿದಾಗುತ್ತದೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ಪ್ರಕಟಿಸಿದರು. ಆದಕಾರಣ ಮೆಲ್ಲಗೆ ಕೇಳುತ್ತ ಸಾಕಷ್ಟಿದೆ ಎನಿಸಿದ ಮಂದ್ರ ದೊಡ್ಡ ಧ್ವನಿಯಲ್ಲಿ ಮಿತಿಮೀರುತ್ತದೆ. ಹಾಗೆಂದು ಸದಾ ದೊಡ್ಡ ಧ್ವನಿಯಲ್ಲೇ ಕೇಳಿ ತೂಗುವುದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತಶಾಲೆಗಳಿಗೆ ಗೊತ್ತುಮಾಡಿದ ಮೇರೆ, ಹದಿನೈದು ನಿಮಿಷಗಳ ಸರಾಸರಿಯಲ್ಲಿ 100 ಡೆಸಿಬೆಲ್. ಒಳಗಿವಿಯ ಶಂಖದಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಮನುಷ್ಯನಲ್ಲಿ ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಆ ಹುಡುಗನ ಕಿವಿಯ ಮೊರೆತ ಎರಡು ದಿನಗಳಲ್ಲಿ ನಿಂತಿತು. ಆ ಎರಡು ದಿನ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಮೊಬೈಲ್ ಫೋನಿನ ಅಂಗುಲವೂ ಇಲ್ಲದ ಸ್ಪೀಕರಿನಲ್ಲಿ 50 ಕಂಪನ ಹುಟ್ಟುವುದೇ ಇಲ್ಲ. ಆದರೂ ಅದರಲ್ಲಿ ಮಂದ್ರಧಾರೆಯ ಓಟ ತಿಳಿಯುವುದುಂಟು. 300, 350, 400 ಎಂಬ ಉಪಸ್ವರಗಳು ಬಂದರೆ ಸಾಕು, ಅವುಗಳ ನಡುವಿನ ಸಮಾನ ಅಂತರದಿಂದ ಕಿವಿ ಇಲ್ಲದ 50ನ್ನು ತಾನೇ ಊಹಿಸಿಕೊಳ್ಳುತ್ತದೆ. ಜರ್ಮನಿಯ ಸೇಬೆಕ್ 1841ರಲ್ಲಿ ಸೈರನ್ನಿನ ಪ್ರಯೋಗಗಳಿಂದ ಕಂಡುಕೊಂಡ ಸಂಗತಿಯಿದು. ತರಂಗವನ್ನು ಬೇಕೆಂದೇ ತುಸು ವಿರೂಪಗೊಳಿಸಿ ಉಪಸ್ವರಗಳನ್ನು ಹೆಚ್ಚಿಸುವ ಪದ್ಧತಿಯ ಗುಟ್ಟು ಇಲ್ಲಿದೆ. ತಳವನ್ನು ಏರಿಸದೆ, ತಳವಿದೆಯೆಂಬ ಭಾವನೆಯನ್ನು ಏರಿಸುವುದು.

ಮರುವಾರ ಮಿತ್ರರು ಮೇಜನ್ನು ಸರಿಸಿ, ಮಂದ್ರವನ್ನು ಮೊದಲಿದ್ದ ಕಾಲುಭಾಗಕ್ಕೆ ಇಳಿಸಿ, ಗರಗಸತರಂಗಕ್ಕೆ ಸ್ವಲ್ಪ ವಿರೂಪವನ್ನು ಸೇರಿಸಿ ಸಭಾಂಗಣದಲ್ಲಿ ಮತ್ತೆ ಹಾಕಿದರು. ಗಾಜು ಅಲುಗಲಿಲ್ಲ, ಸ್ವರ ಉರುಳಿತು. ಮನೆಯಲ್ಲಿ ಪ್ರಯತ್ನಿಸಬೇಕೆನ್ನುವವರಿಗೆ ಎಲ್.ಎಂ.ಎಂ.ಎಸ್. ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮೊದಲು ತಗ್ಗಿದ ಧ್ವನಿಯಲ್ಲಿ 50 ಕಂಪನದ ಸರಳ ಸ್ವರವನ್ನು ಬಿಡದೆ ನುಡಿಸುತ್ತ ಕೊಠಡಿಯ ಒಂದು ಗೋಡೆಯಿಂದ ಇನ್ನೊಂದರವರೆಗೆ ನಡೆದು, ಎಲ್ಲಿ ಕುಗ್ಗುತ್ತದೆಂದು ಸುಣ್ಣದಕಡ್ಡಿಯಿಂದ ಗುರುತು ಮಾಡಿಕೊಳ್ಳಿರಿ. ಮೃದಂಗದ ಹುಡುಗ ಈಗ ಸ್ವರವನ್ನು 55ಕ್ಕೆ ಏರಿಸಬೇಕೆಂದಿದ್ದಾನೆ. ಅದರ ಅರ್ಧ ಅಲೆ ಸರಿಯಾಗಿ ಕೂರುವ ಕೊಠಡಿ ಎಷ್ಟು ಉದ್ದದ್ದೆಂದು ಓದುಗರು ಲೆಕ್ಕಹಾಕಿ, ಟೇಪು ಹಿಡಿದು ತಮ್ಮ ಕೊಠಡಿಯನ್ನೂ ಅಳೆದು ನೋಡಬಹುದು.